ಇಪ್ಸ್‌ವಿಚ್ ಬೇರೆ ಊರಾದ ಚಳಿಗಾಲ

ಕಳೆದ ತಿಂಗಳು ಬ್ರಿಸ್ಬೇನ್‌ಗೆ ಹೋಗಿದ್ದೆ. ಮಗಳು ಅನ್ವಿತಾ ಅಲ್ಲೇ ಪಕ್ಕದ ಇಪ್ಸ್‌ವಿಚ್‌ನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಸೇರಿದ್ದಾಳೆ. ಅವಳ ಮನೆ ನೋಡಿದ ಹಾಗೂ ಆಯಿತು, ಅವಳು ಕೊಳ್ಳಬೇಕೆಂದಿದ್ದ ಹಳೆ ಕಾರಿನ ಬಾನೆಟ್ ಎತ್ತಿ ನೋಡಿ ಮಾರುವವನ ಬೆವರಿಳಿಸಿದ ಹಾಗೂ ಆಯಿತು ಅಂತ ಪರ್ತ್‌ನಿಂದ ವಿಮಾನ ಹತ್ತಿದ್ದೆ. ಭಾನುವಾರ ಬೆಳಿಗ್ಗೆ ಅವಳು, "ಅಪ್ಪಾ, ಐ ಹ್ಯಾವ್ ಎ ಗೇಮ್ ಇನ್ ಕ್ಯಾಲಮ್‌ವೇಲ್. ಕಾರ್ ನೋಡಿ ಆದ್ಮೇಲೆ ಜಸ್ಟ್ ಕಮ್ ದೇರ್," ಅಂತ ಹೇಳಿ ಹೋದಳು. ಕಾರಿನವನು ಸುಲಭಕ್ಕೆ ಬಗ್ಗುವ ಆಸಾಮಿಯಾಗಿರಲಿಲ್ಲ. ನಾನು ಬ್ರಿಸ್ಬೇನ್ ಅಂಚಿನ ಕ್ಯಾಲಮ್‌ವೇಲ್‌ನ ಆಟದ ಹಾಲ್ ಮುಟ್ಟುವಷ್ಟರಲ್ಲಿ ಆಟ ಮುಗಿದಿತ್ತು.

ಬಾಗಿಲು ತಳ್ಳಿದ್ದೇ ತಡ, ವಾಸನೆ ಮೂಗಿಗೆ ಬಡಿಯಿತು. ರಬ್ಬರ್ ಹಾಸಿನ ನೆಲ, ಬೆವರಿದ ಸಾಕ್ಸು, ಇವೆರಡರ ಮೇಲೆ ಅರಿಶಿನದ ಒಗ್ಗರಣೆಗೆ ಆಗತಾನೆ ಹಿಂಡಿದ ನಿಂಬೆಹಣ್ಣು. ಭೂಮಿಯ ಮೇಲೆ ಈ ಮೂರೂ ಒಟ್ಟಿಗೆ ಸೇರುವ ಜಾಗ ಒಂದೇ ಅಂತ ನಾನು ತಿಳಿದಿದ್ದೆ. ಅದು ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿ ನಮ್ಮ ಮನೆಯ ಹತ್ತಿರವಿದ್ದ ತಗಡಿನ ಮಾಡಿನ ಹಾಲ್. ಆ ವಾಸನೆ ಇಡೀ ಖಂಡ ದಾಟಿ ಇಲ್ಲಿಗೆ ಹೇಗೆ ಬಂತು? ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಹಾಗೇ ನಿಂತುಬಿಟ್ಟೆ.

ನಾನು ವ್ಯಾಪಾರಸ್ಥ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್‌ಪಾರ್ಟ್ಸ್ ಅಂಗಡಿಯೊಂದರ ಕೌಂಟರ್ ಹಿಂದೆ ನಿಂತು ಮಾತು ಕಲಿತವನು. ಪಶ್ಚಿಮ ಆಸ್ಟ್ರೇಲಿಯಾದ ಗಣಿಗೆ ಡೀಸೆಲ್ ಮೆಕ್ಯಾನಿಕ್ ಆಗಿ ಬಂದು, ಈಗ ಪರ್ತ್‌ನಲ್ಲಿ ಹಳೆ ಕಾರುಗಳ ಯಾರ್ಡ್ ಇಟ್ಟುಕೊಂಡಿದ್ದೇನೆ. ಯಾವ ವ್ಯವಹಾರವೇ ಆಗಲಿ, ಗಿರಾಕಿ ಗೇಟು ದಾಟುವ ಮೊದಲೇ ಗೆದ್ದೆನೋ ಸೋತೆನೋ ಹೇಳಬಲ್ಲೆ. ಆ ಒಂದು ಚಳಿಗಾಲದ ವ್ಯವಹಾರ ಮಾತ್ರ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಆಗ ಅನ್ವಿತಾಳದು ಕಾಲೇಜಿನ ಕೊನೆಯ ವರ್ಷ. ಪರ್ತ್‌ನ ಬೇರೆ ಬೇರೆ ಕಾಲೇಜುಗಳಲ್ಲಿದ್ದ ನಮ್ಮ ಹುಡುಗಿಯರು ನಾಲ್ಕು ಥ್ರೋಬಾಲ್ ಟೀಮು ಕಟ್ಟಿಕೊಂಡು ಭಾನುವಾರಗಳಂದು ಆ ಹಾಲ್‌ನಲ್ಲಿ ಆಡುತ್ತಿದ್ದರು. ಥ್ರೋಬಾಲ್ ಅಂದರೇನೆಂದು ನಮ್ಮವರಿಗೆ ಹೇಳಬೇಕಿಲ್ಲ. ಬೆಂಗಳೂರು, ಮೈಸೂರಿನ ಯಾವ ಹೆಣ್ಣುಮಗಳು ಶಾಲೆಯಲ್ಲಿ ನೆಟ್‌ನ ಈಚೆ ನಿಂತು ಬಾಲ್ ಹಿಡಿದಿಲ್ಲ? ಇಲ್ಲಿಯವರಿಗೆ ಮಾತ್ರ ಅದು ಒಗಟು. ಹಾಲ್ ನೋಡಿಕೊಳ್ಳುವ ಬಿಳಿಯ ಮುದುಕ ಒಂದು ಆಟ ಪೂರ್ತಿ ನೋಡಿ, "ವಾಲಿಬಾಲ್ ಚೆನ್ನಾಗಿ ಆಡ್ತಾರೆ, ಆದ್ರೆ ಪ್ರತಿ ಸಲ ಯಾಕೆ ಬಾಲ್ ಹಿಡ್ಕೊಂಡು ಬಿಡ್ತಾರೆ?" ಅಂತ ಇಂಗ್ಲಿಷ್‌ನಲ್ಲಿ ನನ್ನನ್ನು ಕೇಳಿದ್ದ, ಪಾಪ.

ಆಟಕ್ಕಿಂತ ದೊಡ್ಡದು ಅಲ್ಲಿಯ ಊಟದ ಪದ್ಧತಿ. ಯಾರು ಶುರು ಮಾಡಿದರೋ ಗೊತ್ತಿಲ್ಲ. ನನ್ನ ಅನುಮಾನ ನನ್ನ ಹೆಂಡತಿ ಶ್ಯಾಮಲಾಳ ಮೇಲೆ. ಆಟ ಮುಗಿದ ಕೂಡಲೇ ಸೋತವರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರಬೇಕು. ಗೆದ್ದವರು ಬಡಿಸಬೇಕು. ಸೋತವರು ಸಾಕಪ್ಪಾ ಸಾಕು ಅಂತ ತಟ್ಟೆಗೆ ಕೈ ಅಡ್ಡ ಹಿಡಿದ ಮೇಲೆಯೇ ಗೆದ್ದವರು ಅನ್ನ ಮುಟ್ಟುವುದು. ಅಪ್ಪ ಅಮ್ಮಂದಿರಿಗೂ ಅದೇ ಕಾನೂನು: ಮಗಳು ಸೋತರೆ ಕೂರು, ಗೆದ್ದರೆ ಸೌಟು ಹಿಡಿ. ತಡವಾಗಿ ಬಂದವರನ್ನು ಬಾಗಿಲಲ್ಲೇ "ಕೂರೋರಾ, ಬಡಿಸೋರಾ?" ಅಂತ ಕೇಳುತ್ತಿದ್ದರು. ಕನ್ನಡಕ್ಕೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡುವ ನಮ್ಮ ಮಕ್ಕಳು ಕೂಡ ಈ ಎರಡು ಮಾತನ್ನು ಕನ್ನಡದಲ್ಲೇ ಇಟ್ಟುಕೊಂಡಿದ್ದರು.

ನಾವು ಹೆಚ್ಚಾಗಿ ಕೂರುವವರು. ಅನ್ವಿತಾಳ ಟೀಮಿನ ಹೆಸರು ಕ್ವಾಕಾಸ್. ಕ್ವಾಕಾ ಅಂದರೆ ಪರ್ತ್ ಎದುರಿನ ದ್ವೀಪದಲ್ಲಿರುವ, ಸದಾ ನಗುತ್ತಿರುವ ಹಾಗೆ ಕಾಣುವ ಪುಟ್ಟ ಪ್ರಾಣಿ. ಮುಖ ನೋಡಿದರೆ ಮುದ್ದು, ದೂರದಿಂದ ನೋಡಿದರೆ ಹೆಗ್ಗಣ. ಬಡಿಸುವವರು ಯಾವಾಗಲೂ ಸ್ವಾನ್ಸ್, ನದಿದಂಡೆಯ ದೊಡ್ಡ ಕಾಲೇಜಿನ ಹುಡುಗಿಯರು. ಅವರ ಜರ್ಸಿಯ ಮೇಲೆ ಈ ಊರಿನ ಕಪ್ಪು ಹಂಸ.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಗೌತಮ್ ಎಂಬ ಯುವಕ ಬ್ರಿಸ್ಬೇನ್‌ನಿಂದ ಫೋನ್ ಮಾಡಿದ. ಅವನದು ನಮ್ಮ ಜನಕ್ಕಾಗಿಯೇ ಇರುವ ಒಂದು ಆನ್‌ಲೈನ್ ಚಾನೆಲ್. ಹುಡುಗಿಯರು ಅವನನ್ನು ನನ್ನ ಕಡೆ ತಿರುಗಿಸಿದ್ದರು. ಅವರಲ್ಲಿ ಮುಕ್ಕಾಲು ಪಾಲು ಜನರ ಮೊದಲ ಕಾರು ನನ್ನ ಯಾರ್ಡಿನದು. ನನ್ನ ಬಾಯಿಯ ಮೇಲೆ ಅವರಿಗೆ ನಂಬಿಕೆ.

"ಅಂಕಲ್, ನಿಮ್ಮ ಲೀಗ್‌ನ ಲೈವ್ ತೋರಿಸ್ತೀವಿ. ಹಾಲ್ ಬಾಡಿಗೆ, ಜರ್ಸಿ, ಫ್ಲೈಟ್, ಎಲ್ಲಾ ನಮ್ದು. ಆದ್ರೆ ಪರ್ತ್ ಒಂದನ್ನೇ ಇಟ್ಕೊಂಡು ಸ್ಪಾನ್ಸರ್ ಹತ್ರ ಹೋದ್ರೆ ನಗ್ತಾರೆ. ಬ್ರಿಸ್ಬೇನ್ ಸೇರಿಸ್ಬೇಕು, ಅಡಿಲೇಡ್ ಸೇರಿಸ್ಬೇಕು."

"ಅಷ್ಟು ಜನ ಇರೋ ಊರು ನಿಮ್ದು. ಅಲ್ಲೇ ಲೀಗ್ ಮಾಡ್ಕೊಳ್ಳಪ್ಪಾ, ನಮ್ಮನ್ಯಾಕೆ ಕೇಳ್ತೀಯ?"

"ಆಡೋರು ನಿಮ್ಮ ಹತ್ರ ಇದಾರೆ ಅಂಕಲ್. ನೋಡೋರು ನಮ್ಮ ಹತ್ರ ಇದಾರೆ."

ಮಾತು ಬಲ್ಲವನು ಅನ್ನಿಸಿತು. ಒಂದು ಊರಿಗೆ ಒಂದೇ ಟೀಮು ಅಂತ ಅವನ ಷರತ್ತು. ಅಂದರೆ ಪರ್ತ್‌ನ ನಾಲ್ಕರಲ್ಲಿ ಮೂರು ಮುಚ್ಚಬೇಕು. ಮೊದಲು ಮುಚ್ಚುವುದು ಕ್ವಾಕಾಸೇ. ಇಲ್ಲಿ ನಿಮಗೊಂದು ಮಾತು ಹೇಳುತ್ತೇನೆ, ಕಾರಿಗೂ ಆಗುತ್ತದೆ, ಮನೆಗೂ ಆಗುತ್ತದೆ. ಚೌಕಾಸಿಯಲ್ಲಿ ಮಾತಿಗಿಂತ ಮೌನಕ್ಕೆ ತೂಕ ಜಾಸ್ತಿ. ಫೋನ್ ಕಿವಿಗಿಟ್ಟುಕೊಂಡು ಸುಮ್ಮನೆ ಉಸಿರಾಡುತ್ತಿರಿ, ಆ ಕಡೆಯವನು ತಾನಾಗಿ ಇಳಿಯುತ್ತಾನೆ. ನಾನು ಉಸಿರಾಡಿದೆ. ಗೌತಮ್ ಇಳಿದ.

"ಸರಿ ಅಂಕಲ್, ನಿಮಗೋಸ್ಕರ ಪರ್ತ್‌ಗೆ ಎರಡು. ಬ್ರಿಸ್ಬೇನ್‌ಗೆ ಒಂದು, ಇಪ್ಸ್‌ವಿಚ್‌ಗೆ ಒಂದು, ಅಡಿಲೇಡ್‌ಗೆ ಒಂದು. ಟೀಮಿಗೊಂದು ಓಟು."

"ಇಪ್ಸ್‌ವಿಚ್ ಅಂದ್ರೆ ಬ್ರಿಸ್ಬೇನೇ ಅಲ್ವೇನಪ್ಪಾ?"

"ಅಯ್ಯೋ, ಅದು ಬೇರೆ ಸಿಟಿ ಅಂಕಲ್. ಬೇರೆ ಮೇಯರ್."

ಬೇರೆ ಮೇಯರ್ ಇದ್ದರೆ ಇರಲಿ, ಒಂದು ಕಾಲಕ್ಕೆ ಕೆಂಗೇರಿಗೂ ಬೇರೆ ಪುರಸಭೆ ಇರಲಿಲ್ಲವೇ, ಅಂದುಕೊಂಡು ಹೂಂ ಅಂದೆ. ನಾಲ್ಕು ಟೀಮಿನ ಹುಡುಗಿಯರು ಸ್ವಾನ್ಸ್, ಕ್ವಾಕಾಸ್ ಎರಡರಲ್ಲೇ ಹಂಚಿಕೊಂಡರು. ಅನ್ವಿತಾ ಕ್ಯಾಪ್ಟನ್ ಆದಳು. ಮನೆಯಲ್ಲಿ ನಾನೇ ಗೆದ್ದ ಹಾಗೆ ಓಡಾಡಿದೆ.

ಪರ್ತ್‌ನ ಮಳೆ ಪಶ್ಚಿಮದ ಸಮುದ್ರದಿಂದ ಎದ್ದು ಬರುತ್ತದೆ. ಸದರ್ನ್ ರಿವರ್‌ನ ತಗ್ಗು ಬಯಲುಗಳಲ್ಲಿ ನೀರು ನಿಂತು, ಹಾಲ್‌ನ ಹಿಂದೆ ಹಗಲೇ ಕಪ್ಪೆ ಕೂಗುತ್ತಿದ್ದವು. ಮೊದಲ ಲೈವ್ ಆಟದ ದಿನ ತಗಡಿನ ಮೇಲೆ ಮಳೆ ಹೊಯ್ದ ರಭಸಕ್ಕೆ ಅಂಪೈರಿನ ಸೀಟಿ ಕೇಳುತ್ತಿರಲಿಲ್ಲ. ಹಾಲ್‌ನಲ್ಲಿದ್ದದ್ದು ಕೆಲವು ಅಮ್ಮಂದಿರು, ನಾನು, ಆ ಬಿಳಿಯ ಮುದುಕ. ಆಟ ಮುಗಿದ ಮೇಲೆ ಗೌತಮ್ ಫೋನ್ ಮಾಡಿದ.

"ಅಂಕಲ್, ಏನ್ ಕ್ರೌಡ್ ಅಂಕಲ್! ಒಂದ್ ನಿಮಿಷ ಚಪ್ಪಾಳೆ ನಿಲ್ಲಿಸ್ಲಿಲ್ವಲ್ಲ! ಸ್ಪಾನ್ಸರ್ ಫುಲ್ ಖುಷ್."

ಬ್ರಿಸ್ಬೇನ್‌ನ ಚಳಿಗಾಲ ಒಣ ಚಳಿಗಾಲ. ಅವರಿಗೆ ಮಳೆಯ ಸದ್ದು ಮರೆತಿರಬೇಕು. ನಾನು ತಿದ್ದಲು ಹೋಗಲಿಲ್ಲ. ಗಿರಾಕಿ ತಾನಾಗಿ ಸರಕನ್ನು ಹೊಗಳುವಾಗ ಬಾಯಿ ಹಾಕಬಾರದು, ಅದು ಜೆ.ಸಿ. ರಸ್ತೆಯ ಮೊದಲ ಪಾಠ.

ಚಳಿಗಾಲ ಅರ್ಧ ಕಳೆದಾಗ ಗೌತಮ್ ಎಲ್ಲ ಊರಿನವರನ್ನೂ ವಿಡಿಯೋ ಮೀಟಿಂಗಿಗೆ ಕರೆದ. ಪರ್ತ್‌ನ ಎರಡೂ ಟೀಮನ್ನು ನೋಡುವವರು ಅದೇ ಜನ, ಹಾಗಾಗಿ ಎರಡನೆಯ ಟೀಮಿನಿಂದ ಚಾನೆಲ್‌ಗೆ ಹೊಸಬರು ಯಾರೂ ಸಿಗುತ್ತಿಲ್ಲ, ಮುಂದಿನ ವರ್ಷದಿಂದ ಒಂದು ಊರಿಗೆ ಒಂದೇ ಟೀಮು ಅಂತ ಅವನ ಪ್ರಸ್ತಾಪ. ವಾರದ ನಂತರ ಓಟು. ನಾನು ಬೆರಳು ಮಡಿಸಿದೆ: ನಮ್ಮದು ಎರಡು, ಬ್ರಿಸ್ಬೇನ್ ಇಪ್ಸ್‌ವಿಚ್ ಸೇರಿ ಎರಡು. ಉಳಿದದ್ದು ಅಡಿಲೇಡ್.

ಅಡಿಲೇಡ್ ಟೀಮಿನ ಯಜಮಾನಿಕೆ ಮಂಜುಳಾ ಎಂಬವರದು. ಮೈಸೂರಿನವರು, ಅಲ್ಲಿ ಫಾರ್ಮಸಿಸ್ಟ್. ಶ್ಯಾಮಲಾಳ ಕೈಯ ಕೊಬ್ಬರಿ ಮಿಠಾಯಿ ಡಬ್ಬಿ ಹಿಡಿದುಕೊಂಡು ಅವರ ಮನೆಗೇ ಹೋದೆ. ಕಾಫಿ ಕೊಟ್ಟು, ಡಬ್ಬಿಯನ್ನು ಇನ್ನೊಂದು ಡಬ್ಬಿಯ ಪಕ್ಕ ಇಟ್ಟರು.

"ನಿನ್ನೆ ಬ್ರಿಸ್ಬೇನ್‌ನೋರು ಬಂದಿದ್ರು ಸಾರ್. ಮೈಸೂರುಪಾಕು. ಇಬ್ಬರದ್ದೂ ತಿಂತೀವಿ, ಬೇಜಾರಿಲ್ಲ."

"ನೋಡಿ ಮೇಡಂ, ಇವತ್ತು ನಮ್ಮ ಒಂದು ಟೀಮು ತೆಗೀತಾರೆ. ನಾಳೆ ನಿಮ್ಮದನ್ನೇ ತೆಗೀತಾರೆ. ನಾವಿಬ್ಬರೂ ಒಂದಾದ್ರೆ ಮಾತ್ರ ಉಳಿಗಾಲ."

ಅವರು ನಕ್ಕರು. "ನಮ್ಮದು ಅರ್ಧ ಗಂಟೆ ಊರು ಸಾರ್. ನಿಮಗಿಂತ ಒಂದೂವರೆ ಗಂಟೆ ಮುಂದೆ, ಅವರಿಗಿಂತ ಅರ್ಧ ಗಂಟೆ ಹಿಂದೆ. ಯಾರ ಮೀಟಿಂಗಿಗೆ ಹೋದ್ರೂ ತಪ್ಪು ಟೈಮಿಗೆ ಬಂದೋರು ನಾವೇ. ನೀವು ಹೇಳೋದು ನ್ಯಾಯ. ಆದ್ರೆ ಕ್ಯಾಮೆರಾ ಅವರ ಹತ್ರ ಇದೆ, ನನ್ನ ಹುಡುಗೀರು ಆಡಬೇಕಲ್ಲ."

ಕಾಫಿ ಮುಗಿಸಿ ಎದ್ದೆ. ಓಟಿನ ದಿನ ಅಡಿಲೇಡ್ ಆ ಕಡೆ ಹೋಯಿತು.

"ಹಾಗಾದ್ರೆ ಇಪ್ಸ್‌ವಿಚ್?" ಅಂದೆ.

"ಅದು ಬೇರೆ ಸಿಟಿ ಅಂಕಲ್," ಅಂದ ಗೌತಮ್, ಸ್ವಲ್ಪವೂ ನಗದೆ.

ನಾನು ಬಿಡಲಿಲ್ಲ. ಮುಚ್ಚುವ ಟೀಮು ಯಾವುದೆಂದು ನೀವು ಆರಿಸಬೇಡಿ, ಸ್ವಾನ್ಸ್, ಕ್ವಾಕಾಸ್ ಒಂದು ಆಟ ಆಡಲಿ, ಗೆದ್ದವರಿಗೆ ಪರ್ತ್‌ನ ಜಾಗ, ಅಂತ ಹಟ ಹಿಡಿದೆ. ಲೈವ್‌ಗೆ ರಂಗೇರುತ್ತದೆ ಅಂತ ಗೌತಮ್ ಕೂಡಲೇ ಒಪ್ಪಿದ. ಅನ್ವಿತಾಗೆ ಹೇಳಿದಾಗ ಅವಳು ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. "ಸೋ ಇಫ್ ವಿ ಲೂಸ್, ಕ್ವಾಕಾಸ್ ಈಸ್ ಗಾನ್?" ಅಂದಳು. ಹೌದು ಅಂದೆ. ಪಟ್ಟಿಯನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿದಳು.

ಇನ್ನು ಹೊತ್ತು ನಿಗದಿಯಾಗಬೇಕು. ಭಾನುವಾರ ಬ್ರಿಸ್ಬೇನ್‌ನ ನಾಲ್ಕೂವರೆಗೆ ಜನ ಹೆಚ್ಚು ನೋಡುತ್ತಾರೆ ಅಂತ ಗೌತಮ್. ಆದರೆ ಅವನ ದೊಡ್ಡ ಸ್ಪಾನ್ಸರ್ ಬ್ರಿಸ್ಬೇನ್‌ನ ಒಬ್ಬ ಚಿನ್ನದಂಗಡಿಯವರು. ಕ್ಯಾಲೆಂಡರ್ ನೋಡದೆ ಶಟರ್ ಎತ್ತದ ಜನ.

"ಭಾನುವಾರ ನಾಲ್ಕೂವರೆಯಿಂದ ರಾಹುಕಾಲ ಅಂತೆ ಅಂಕಲ್. ಅವರ ಹೆಸರು ಆ ಹೊತ್ತಲ್ಲಿ ಲೈವ್ ಬರಬಾರ್ದಂತೆ."

"ಆಗ ಇಲ್ಲಿ ಎರಡೂವರೆ ಕಣಯ್ಯ. ಆಟ ಎಲ್ಲಿ ನಡೆಯುತ್ತೋ ಅಲ್ಲಿಯ ರಾಹುಕಾಲ ತಾನೆ ಲೆಕ್ಕ?"

"ದುಡ್ಡು ಎಲ್ಲಿಂದ ಬರುತ್ತೋ ಅಲ್ಲಿಯ ರಾಹುಕಾಲ ಅಂತಾರೆ ಅವರು."

ದೇವಸ್ಥಾನದ ಭಟ್ಟರನ್ನು ಕೇಳಿದೆ. ಅವರು ಪಂಚಾಂಗ ತಿರುವಿ ಹಾಕಿ, "ಲೈವ್‌ಗೆ ಶಾಸ್ತ್ರ ಹೇಳಿಲ್ಲ," ಅಂದರು. ಶ್ಯಾಮಲಾ ಮೂರು ಊರಿನ ಗಡಿಯಾರ ಹೋಲಿಸಿ, "ಅಡಿಲೇಡ್‌ನಲ್ಲಿ ಆಟ ಶುರುವಾಗಿ ಅರ್ಧ ಗಂಟೆಗೆ ಬಂದುಬಿಡುತ್ತಲ್ರೀ, ಅದಕ್ಕೇನ್ಮಾಡ್ತೀರಿ?" ಅಂದಳು. ತಲೆ ಕೆಟ್ಟು, ಕೊನೆಗೆ ಎಲ್ಲರ ರಾಹುಕಾಲಕ್ಕೂ ಮೊದಲು, ಪರ್ತ್‌ನ ಒಂದು ಗಂಟೆಗೆ ಅಂತ ತೀರ್ಮಾನವಾಯಿತು. ಅದು ನಮ್ಮ ಊಟದ ಹೊತ್ತು. ಊಟ ಆಟದ ಆಮೇಲೆ ತಾನೇ, ತಣ್ಣಗಾದರೆ ಆಗಲಿ ಅಂದೆ.

ಆವತ್ತೂ ಮಳೆ. ಸ್ವಾನ್ಸ್ ಕ್ಯಾಪ್ಟನ್ ನಿಖಿತಾಳ ಎಸೆತ ಕಲ್ಲಿನ ಹಾಗೆ ಬರುತ್ತಿತ್ತು. ಮೊದಲ ಸೆಟ್ ಅವರದು, ಎರಡನೆಯದು ಹೇಗೋ ನಮ್ಮದು. ಮೂರನೆಯದರ ಕೊನೆಯಲ್ಲಿ ನಿಖಿತಾ ಹಿಂಬದಿಯ ಮೂಲೆಗೆ ಎಸೆದ ಬಾಲನ್ನು ಅನ್ವಿತಾ ನೆಲಕ್ಕೆ ಬಿದ್ದು ಹಿಡಿದಳು. ಹಿಡಿದವಳು ಮೂರು ಸೆಕೆಂಡಿನೊಳಗೆ ಎಸೆಯಬೇಕು, ಇಲ್ಲದಿದ್ದರೆ ಫೌಲ್. ಮಳೆಯ ಸದ್ದಿಗೆ ಯಾರ ಕೂಗೂ ಕೇಳುತ್ತಿಲ್ಲ. ಅವಳು ಎದ್ದಳು, ಜೋರಾಗಿ ಎಸೆಯುವ ಹಾಗೆ ಭುಜ ಹಿಂದಕ್ಕೆಳೆದಳು, ಸ್ವಾನ್ಸ್ ಎಲ್ಲರೂ ಹಿಂದೆ ಸರಿದರು. ಬಾಲ್ ಮೆಲ್ಲಗೆ ನೆಟ್ ದಾಟಿ, ಖಾಲಿ ಜಾಗದಲ್ಲಿ ಬಿತ್ತು.

ಕ್ವಾಕಾಸ್ ಉಳಿಯಿತು! ನಾನು ಕೂಗಿದ್ದು ನನಗೇ ಕೇಳಲಿಲ್ಲ.

ಜೇಬಿನಲ್ಲಿ ಫೋನ್ ನಡುಗುತ್ತಿತ್ತು. "ಅಂಕಲ್, ವಿನ್ನರ್ ಇಂಟರ್ವ್ಯೂ! ಬೇಗ ಕ್ಯಾಮೆರಾ ಮುಂದೆ ನಿಲ್ಲಿಸಿ!"

ನಾನು ತಿರುಗಿ ನೋಡಿದರೆ ಸ್ವಾನ್ಸ್ ಆಗಲೇ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತಾಗಿತ್ತು. ಅನ್ವಿತಾ ಚಿತ್ರಾನ್ನದ ಪಾತ್ರೆ ಸೊಂಟಕ್ಕಿಟ್ಟುಕೊಂಡು ಬಡಿಸುತ್ತಿದ್ದಳು. ನಿಖಿತಾ ಕಣ್ಣೊರೆಸಿಕೊಳ್ಳುತ್ತಲೇ, "ಕಡಲೆಕಾಯಿ ಬೀಜ ಜಾಸ್ತಿ ಹಾಕು, ಜಿಪುಣಿ," ಅನ್ನುತ್ತಿದ್ದಳು.

"ಬಾಮ್ಮಾ, ಕ್ಯಾಮೆರಾ ಕಾಯ್ತಾ ಇದೆ," ಅಂದೆ.

"ಅಪ್ಪಾ, ವೇಟ್. ಬಡಿಸ್ತಿದೀನಿ."

"ಬಡಿಸಿ ಬರ್ತಾಳಂತೆ," ಅಂದೆ ಫೋನಿಗೆ.

"ರಾಹುಕಾಲ ಬರುತ್ತೆ ಅಂಕಲ್!" ಅಂತ ಗೌತಮ್ ಕಿರುಚಿದ.

ರಾಹುಕಾಲ ಬಂತು. ಇಂಟರ್ವ್ಯೂ ಇಲ್ಲದೆಯೇ ಲೈವ್ ಮುಗಿಯಿತು. ಬ್ರಿಸ್ಬೇನ್‌ನವರು ಕೊನೆಗೆ ನೋಡಿದ್ದು ಇಷ್ಟು: ಸ್ವಾನ್ಸ್ ಗಂಡಿನ ಕಡೆಯವರ ಹಾಗೆ ಸಾಲಾಗಿ ಕೂತಿದ್ದಾರೆ, ಕ್ವಾಕಾಸ್ ಬಗ್ಗಿ ಬಗ್ಗಿ ಬಡಿಸುತ್ತಿದ್ದಾರೆ. ಸ್ಕೋರ್ ಹೇಳಿದ್ದು ಮಳೆಯಲ್ಲಿ ಮುಳುಗಿಹೋಗಿತ್ತು. ನಮ್ಮ ಕಡೆ ಯಾರನ್ನು ಕೂರಿಸಿ ಬಡಿಸುತ್ತಾರೆ ಹೇಳಿ? ಗೆದ್ದದ್ದು ಸ್ವಾನ್ಸೇ ಅಂದುಕೊಂಡ ಚಿನ್ನದಂಗಡಿಯವರು ಆವತ್ತೇ ಅಭಿನಂದನೆಯ ಪೋಸ್ಟರ್ ಹಾಕಿಬಿಟ್ಟರು. ಅದರಲ್ಲಿ ಹೊಳೆಯುವ ಹಂಸ, ಕೆಳಗೆ 'ಪರ್ತ್ ಸ್ವಾನ್ಸ್'.

ಮರುದಿನ ಗೌತಮ್ ಸಮಾಧಾನದ ದನಿಯಲ್ಲಿ ಮಾತಾಡಿದ. "ಜಾಗ ನಿಮ್ಮ ಮಗಳ ಟೀಮಿಗೇ ಅಂಕಲ್, ಅದ್ರಲ್ಲಿ ಎರಡು ಮಾತಿಲ್ಲ. ಹೆಸರು ಮಾತ್ರ ಸ್ವಾನ್ಸ್ ಅಂತ ಇರ್ಲಿ. ಅವರು ಅಂಗಡಿ ತುಂಬಾ ಹಂಸ ಹಾಕ್ಸಿದಾರೆ. ಅಲ್ದೆ, ಚಿನ್ನದಂಗಡಿಯೋರು ಹೆಗ್ಗಣದ ಚಿತ್ರ ಹಾಕ್ಕೊಳ್ತಾರಾ, ನೀವೇ ಹೇಳಿ."

"ಇಲಿ ಗಣಪತಿಯ ವಾಹನ ಕಣಪ್ಪಾ," ಅಂತ ಶುರು ಮಾಡಿದೆ. ಹೆಸರಿನಲ್ಲಿ ಅರ್ಧ, ಜರ್ಸಿಯ ತೋಳಿನ ಮೇಲೆ ಸಣ್ಣ ಕ್ವಾಕಾ, ಮೊದಲ ಆಟ ಸದರ್ನ್ ರಿವರ್‌ನಲ್ಲೇ, ಹೀಗೆ ನನ್ನ ಬಾಯಿಂದ ಒಂದೊಂದೇ ಬರುತ್ತಿತ್ತು. ಎದುರು ಕೂತಿದ್ದ ಅನ್ವಿತಾ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು. "ಹ್ಯಾಂಗ್ ಆನ್. ವಿ ಬೀಟ್ ದೆಮ್, ಸೋ ನೌ ವಿ ಆರ್ ದೆಮ್?" ಅಂದಳು. ನಾನು ಫೋನಿಗೆ ಕೈ ಮುಚ್ಚಿ, ತಡಿಯಮ್ಮಾ, ಬರ್ತಿದೆ ದಾರಿಗೆ, ಅಂದೆ.

"ಅಪ್ಪಾ. ಡೋಂಟ್ ಬಾರ್ಗೇನ್. ಜಸ್ಟ್ ಸೇ ನೋ."

"ಬರೀ ಇಲ್ಲ ಅಂದ್ರೆ ಅದಕ್ಕೆ ಏನು ಸಿಗುತ್ತೆ?"

"ನಥಿಂಗ್," ಅಂದಳು.

ಬದುಕಿನಲ್ಲಿ ಮೊದಲ ಸಲ, ಬದಲಿಗೆ ಏನನ್ನೂ ಕೇಳದೆ, "ಇಲ್ಲಪ್ಪಾ," ಅಂದೆ. ಕಾರಿನ ಕೀಲಿಯನ್ನು ದಾರಿಹೋಕನ ಕೈಗೆ ಕೊಟ್ಟಂತಾಯಿತು. ಆಮೇಲೆ ಅಭ್ಯಾಸಬಲದಿಂದ ಫೋನ್ ಹಿಡಿದು ಸುಮ್ಮನೆ ಉಸಿರಾಡಿದೆ. ಆ ಕಡೆ ಗೌತಮ್ ಕೂಡ ಉಸಿರಾಡುತ್ತಿದ್ದ. ಈ ಸಲ ಯಾರೂ ಇಳಿಯಲಿಲ್ಲ.

ಮುಂದಿನದು ಬೇಗ ಮುಗಿಯಿತು. ಜಾಗ ಸ್ವಾನ್ಸ್‌ಗೆ ಹೋಯಿತು. ನಿಖಿತಾ ಯಾರ್ಡಿಗೆ ಬಂದು, "ನಾವು ಹೋದ್ರೆ ನಿಮಗೆ ಬೇಜಾರಾ ಅಂಕಲ್?" ಅಂದಳು. ಸಿಕ್ಕಿದ್ದನ್ನು ಬಿಡಬಾರದು ಕಣಮ್ಮಾ ಅಂದೆ. ಬೇರೆ ಯಾರಿಗಾದರೂ ಅದನ್ನೇ ಹೇಳುತ್ತಿದ್ದೆ. ಅನ್ವಿತಾ ತನ್ನ ಮಂಡಿಪಟ್ಟಿಯನ್ನು ಅವಳಿಗೇ ಕೊಟ್ಟಳು. ಒಂದು ವರ್ಷ ಆಡಿಸಿ, ಪರ್ತ್‌ನ ಹೊತ್ತು ಹೊಂದುವುದಿಲ್ಲ ಅಂತ ಚಾನೆಲ್‌ನವರು ಸ್ವಾನ್ಸನ್ನೂ ಬಿಟ್ಟರು. ಆಮೇಲೆ ಅಡಿಲೇಡ್. ಆಮೇಲೆ ಥ್ರೋಬಾಲನ್ನೇ ಬಿಟ್ಟು ಮನೆಗಳ ಹರಾಜನ್ನು ಲೈವ್ ತೋರಿಸತೊಡಗಿದರು. ಅದನ್ನು ನಾನೂ ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ. ಹುಡುಗಿಯರ ಓದು ಮುಗಿದು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಸದರ್ನ್ ರಿವರ್‌ನ ಹಾಲ್‌ನಲ್ಲಿ ಈಗ ಬ್ಯಾಡ್ಮಿಂಟನ್.

ಎಷ್ಟು ಸಲ ಯೋಚಿಸಿದ್ದೇನೆ. ಒಂದೇ ಜಾಗ ಅಂದ ಕಡೆ ಎರಡು ಪಡೆದೆ. ಮುಚ್ಚಬೇಕಾದ ಟೀಮಿಗೆ ಆಟ ಕೊಡಿಸಿದೆ. ಆಟವನ್ನೂ ಗೆದ್ದೆವು. ಪ್ರತಿ ಮೆಟ್ಟಿಲಲ್ಲೂ ನನ್ನದೇ ಮೇಲುಗೈ, ಮೇಲೆ ಹತ್ತಿ ನೋಡಿದರೆ ಮನೆಯೇ ಇಲ್ಲ. ಆ "ಇಲ್ಲ" ಅನ್ನದಿದ್ದರೆ ಮಗಳು ಇನ್ನೊಂದು ವರ್ಷ ಆಡುತ್ತಿದ್ದಳೇ? ಹಂಸದ ಜರ್ಸಿ ಹಾಕಿಕೊಂಡು ಆಡಿದರೆ ಅದು ಅವಳ ಆಟವೇ? ಅವಳನ್ನು ಕೇಳಿದರೆ, "ಅಪ್ಪಾ, ವಿ ವನ್ ದಟ್ ಡೇ. ದಟ್ಸ್ ಇಟ್," ಅನ್ನುತ್ತಾಳೆ. ಅಷ್ಟು ಸುಲಭವಾಗಿದ್ದರೆ ನನಗೆ ಯಾಕೆ ತಿಳಿಯುತ್ತಿಲ್ಲ? ಅದಲ್ಲದೆ, ಬೇರೆ ಊರಲ್ಲ ಅಂತ ನಾನು ಅಷ್ಟು ವಾದ ಮಾಡಿದ ಇಪ್ಸ್‌ವಿಚ್‌ನಲ್ಲೇ ಅವಳಿಗೆ ಕೆಲಸ ಸಿಕ್ಕಿದೆ. ಈಗ ಅವಳು ಆಡುವುದು ಇಪ್ಸ್‌ವಿಚ್ ಕಡೆಯಿಂದ.

ಕ್ಯಾಲಮ್‌ವೇಲ್‌ನ ಆ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ಕ್ಯಾಮೆರಾ ಇರಲಿಲ್ಲ, ಪೋಸ್ಟರ್ ಇರಲಿಲ್ಲ. ಹೊರಗೆ ಒಣ ಬಿಸಿಲು. ಗೋಡೆಯ ಉದ್ದಕ್ಕೂ ಹುಡುಗಿಯರು ಇನ್ನೂ ಸಾಲಾಗುತ್ತಿದ್ದರು, ಯಾರೋ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದರು. ನಡುವೆ ಅನ್ವಿತಾ ನನಗೆ ಬೆನ್ನು ಹಾಕಿ ನಿಂತು ಕೂದಲು ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಕೂರಲು ಹೊರಟಿದ್ದಾಳೋ, ಬಡಿಸಲು ಹೊರಟಿದ್ದಾಳೋ, ಬೆನ್ನು ನೋಡಿದರೆ ತಿಳಿಯುವಂತಿರಲಿಲ್ಲ. ಗುರುತಿಲ್ಲದ ಒಬ್ಬ ಹುಡುಗಿ ಒಂದು ಕೈಯಲ್ಲಿ ತಟ್ಟೆಗಳು, ಒಂದು ಕೈಯಲ್ಲಿ ಸೌಟು ಹಿಡಿದು ನನ್ನ ಮುಂದೆ ಬಂದು ನಿಂತಳು.

"ಅಂಕಲ್, ಕೂರೋರಾ, ಬಡಿಸೋರಾ?"

ಸ್ಕೋರ್ ಎಷ್ಟು ಅಂತ ಕೇಳಬಹುದಿತ್ತು. ಕೇಳಲಿಲ್ಲ. ಒಂದು ಕೈಯಲ್ಲಿ ತಟ್ಟೆ ತೆಗೆದುಕೊಂಡು, ಇನ್ನೊಂದು ಕೈಯನ್ನು ಸೌಟಿಗೆ ಚಾಚಿದೆ.

"ಎರಡೂ ಆಗಲ್ಲ ಅಂಕಲ್," ಅಂದಳು ಅವಳು, ಸೌಟನ್ನು ಹಿಂದಕ್ಕೆಳೆದುಕೊಂಡು.